ಸರ್ವಾಧಿಕಾರವೂ ಸಾಮಾನ್ಯ ನಾಗರಿಕನೂ



ಈ ವರ್ಷ ಹತ್ತನೆಯ ತರಗತಿಯಲ್ಲಿ ಒಂದು ದಿನ ಮಾತು ಎರಡನೆಯ ಮಹಾಯುದ್ಧದ ಕಡೆಗೆ ತಿರುಗಿತು. ಹಿಟ್ಲರನ ಆಳ್ವಿಕೆಯಲ್ಲಿ ಅರುವತ್ತು ಲಕ್ಷ ಯೆಹೂದ್ಯರು ಕೊಲೆಯಾದರೆಂಬುದನ್ನು ನಾನು ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸರ್, ಹಿಟ್ಲರ್ ಒಬ್ಬನೇ ತಾನೆ? ಉಳಿದವರೆಲ್ಲ ಏನು ಮಾಡುತ್ತಿದ್ದರು?" ಎಂದು ಕೇಳಿದಳು. ನಾನು ಉತ್ತರಕ್ಕಾಗಿ ತಡಕಾಡುತ್ತಿರುವಾಗಲೇ ಅವಳ ಪಕ್ಕದವಳು, "ನಾವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆವು ಸರ್?" ಎಂದು ಇನ್ನೊಂದು ಪ್ರಶ್ನೆಯನ್ನು ಸೇರಿಸಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಆ ಗಂಟೆಯೇ ನನ್ನನ್ನು ಪಾರುಮಾಡಿತೆಂದು ಹೇಳಬೇಕು. ಆ ಎರಡು ಪ್ರಶ್ನೆಗಳಿಗೆ ತಡವಾಗಿಯಾದರೂ ಉತ್ತರ ಹೇಳುವ ಪ್ರಯತ್ನವೇ ಈ ಲೇಖನ.

ವೈಮಾರ್ ನಗರದ ಮಾತು

ಜರ್ಮನಿಯಲ್ಲಿ ವೈಮಾರ್ ಎಂಬ ನಗರವೊಂದಿದೆ. ಮಹಾಕವಿಗಳಾದ ಗಯಟೆ ಮತ್ತು ಷಿಲ್ಲರ್ ಬಾಳಿ ಬರೆದ ಊರು ಅದು. ಕಾವ್ಯ, ನಾಟಕ, ಸಂಗೀತಗಳಿಗೆ ಹೆಸರಾದ ಆ ಊರಿನಿಂದ ಸುಮಾರು ೮ ಕಿಲೋಮೀಟರು ದೂರದ ಗುಡ್ಡದ ಮೇಲೆ ೧೯೩೭ರಲ್ಲಿ ನಾಜಿ ಸರ್ಕಾರವು ಬೂಖೆನ್‌ವಾಲ್ಡ್ ಎಂಬ ಯಾತನಾಶಿಬಿರವನ್ನು ತೆರೆಯಿತು. ಎಂಟು ವರ್ಷಗಳಲ್ಲಿ ಅಲ್ಲಿ ಸುಮಾರು ೫೬,೦೦೦ ಮಂದಿ ಪ್ರಾಣಬಿಟ್ಟರು. ೧೯೪೫ರ ಏಪ್ರಿಲ್ ೧೧ರಂದು ಅಮೆರಿಕದ ಸೈನ್ಯವು ಶಿಬಿರವನ್ನು ತಲುಪಿತು. ಏಪ್ರಿಲ್ ೧೬ರಂದು ಸೇನಾಧಿಕಾರಿಗಳ ಅಪ್ಪಣೆಯಂತೆ ವೈಮಾರಿನ ಸುಮಾರು ಸಾವಿರ ನಾಗರಿಕರು ಅಲ್ಲಿಗೆ ಹೋಗಿ ಹೆಣಗಳ ರಾಶಿಯನ್ನು ಕಣ್ಣಾರೆ ಕಂಡರು. ಕೆಲವರು ಅತ್ತರು, ಕೆಲವರು ಮುಖ ಮುಚ್ಚಿಕೊಂಡರು. ಹಲವರ ಬಾಯಿಂದ ಬಂದದ್ದು ಒಂದೇ ಮಾತು: "ನಮಗೆ ತಿಳಿದಿರಲಿಲ್ಲ."

ನಿಜವಾಗಿಯೂ ತಿಳಿದಿರಲಿಲ್ಲವೇ? ಮೊದಲ ವರ್ಷಗಳಲ್ಲಿ ಬಂದಿಗಳು ವೈಮಾರಿನ ರೈಲು ನಿಲ್ದಾಣದಲ್ಲಿಯೇ ಇಳಿಯುತ್ತಿದ್ದರು. ಶಿಬಿರಕ್ಕೆ ಸ್ವಂತ ದಹನಗೃಹ ಕಟ್ಟುವವರೆಗೆ ಸತ್ತ ಬಂದಿಗಳನ್ನು ಊರಿನ ದಹನಗೃಹದಲ್ಲಿಯೇ ಸುಡುತ್ತಿದ್ದರು. ಊರಿನ ವರ್ತಕರು ಶಿಬಿರಕ್ಕೆ ಸಾಮಾನು ಒದಗಿಸುತ್ತಿದ್ದರು. ಒಳಗೆ ನಡೆಯುತ್ತಿದ್ದುದೆಲ್ಲವೂ ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. ಆದರೆ ಕೇಳಬೇಕೆಂದಿದ್ದವನಿಗೆ ಕೇಳುವಷ್ಟು ತಿಳಿದಿತ್ತು. ಕೇಳಿದರೆ ಉತ್ತರ ಸಿಕ್ಕೀತೆಂಬ ಭಯದಿಂದಲೇ ಅನೇಕರು ಕೇಳದೆ ಉಳಿದರೆಂದು ತೋರುತ್ತದೆ.

ಒಂದೊಂದೇ ಮೆಟ್ಟಿಲು

ಇಂತಹ ಸ್ಥಿತಿಯು ಒಂದೇ ದಿನದಲ್ಲಿ ಒದಗಲಿಲ್ಲ. ೧೯೩೩ರ ಜನವರಿ ೩೦ರಂದು ಹಿಟ್ಲರನು ಪ್ರಧಾನಿಯ ಪದವಿಗೇರಿದನು. ಅದಕ್ಕೆ ಸುಮಾರು ಮೂರು ತಿಂಗಳು ಮುಂಚೆ ನಡೆದಿದ್ದ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ದೊರೆತ ಮತಗಳು ಒಟ್ಟು ಮತಗಳ ಮೂರರಲ್ಲೊಂದು ಪಾಲು ಮಾತ್ರ. ಫೆಬ್ರವರಿ ೨೭ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿದ್ದಿತು. ಮರುದಿನವೇ ಭಾಷಣ, ಪತ್ರಿಕೆ, ಸಭೆಗಳ ಸ್ವಾತಂತ್ರ್ಯ ರದ್ದಾಯಿತು. ಮಾರ್ಚಿಯಲ್ಲಿ ಡಾಖಾವ್ ಎಂಬಲ್ಲಿ ಶಿಬಿರ ತೆರೆದು ವಿರೋಧಿಗಳನ್ನು ಅದರಲ್ಲಿ ತುಂಬಿದರು. ಜುಲೈ ೧೪ರಂದು ಬೇರೆ ಪಕ್ಷಗಳಿಗೆಲ್ಲ ನಿಷೇಧ ಬಂದಿತು. ಆರು ತಿಂಗಳು ಮುಗಿಯುವುದರೊಳಗಾಗಿ ಗಣರಾಜ್ಯವು ಸರ್ವಾಧಿಕಾರವಾಯಿತು.

ಯೆಹೂದ್ಯರ ಮೇಲಿನ ಹಿಂಸೆಯೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಆರೂವರೆ ಕೋಟಿ ಜನರಿದ್ದ ಜರ್ಮನಿಯಲ್ಲಿ ಅವರ ಸಂಖ್ಯೆ ಸುಮಾರು ಐದು ಲಕ್ಷ. ನೂರರಲ್ಲಿ ಒಬ್ಬರೂ ಅಲ್ಲ. ೧೯೩೩ರ ಏಪ್ರಿಲ್ ೧ರಂದು ಅವರ ಅಂಗಡಿಗಳಿಗೆ ಬಹಿಷ್ಕಾರ. ಅದೇ ತಿಂಗಳು ಸರ್ಕಾರಿ ನೌಕರಿಯಿಂದ ವಜಾ. ೧೯೩೫ರಲ್ಲಿ ನ್ಯೂರೆಂಬರ್ಗ್ ಶಾಸನಗಳಿಂದ ಪೌರತ್ವದ ನಷ್ಟ. ೧೯೩೮ರ ನವೆಂಬರ್ ೯ರ ರಾತ್ರಿ ಅವರ ಪ್ರಾರ್ಥನಾಮಂದಿರಗಳಿಗೆ ಬೆಂಕಿ. ಸುಮಾರು ೭,೫೦೦ ಅಂಗಡಿಗಳ ಧ್ವಂಸ. ಸುಮಾರು ೩೦,೦೦೦ ಗಂಡಸರ ಬಂಧನ. ೧೯೪೧ರಲ್ಲಿ ಎದೆಯ ಮೇಲೆ ಹಳದಿ ನಕ್ಷತ್ರ. ಆ ಬಳಿಕ ಪೂರ್ವದ ಕಡೆಗೆ ರೈಲು, ಮತ್ತು ಮರಣ.

ಪ್ರತಿಯೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪ ಮಾತ್ರ ಎತ್ತರವಾಗಿತ್ತು. ನಿನ್ನೆಯ ಅನ್ಯಾಯಕ್ಕೆ ಸುಮ್ಮನಿದ್ದವನಿಗೆ ಇಂದಿನದಕ್ಕೆ ಬಾಯಿ ತೆರೆಯಲು ಕಾರಣವೇ ಸಿಗಲಿಲ್ಲ. ಇನ್ನು, ಈ ಹನ್ನೆರಡು ವರ್ಷಗಳಲ್ಲಿ ಸಾಮಾನ್ಯ ಜನರು ನಡೆದುಕೊಂಡ ಬಗೆಗಳನ್ನು ಒಂದೊಂದಾಗಿ ನೋಡೋಣ.

ಕೈ ಜೋಡಿಸಿದವರು

ಹ್ಯಾಂಬರ್ಗ್ ನಗರದಿಂದ ಆಯ್ದ ೧೦೧ನೆಯ ಮೀಸಲು ಪೊಲೀಸ್ ದಳದಲ್ಲಿ ಸುಮಾರು ೫೦೦ ಮಂದಿಯಿದ್ದರು. ಇವರಲ್ಲಿ ಬಹುಮಂದಿ ನಡುವಯಸ್ಸಿನ ಸಂಸಾರಸ್ಥರು. ಹಡಗುಕಟ್ಟೆಯ ಕೂಲಿಗಳು, ಲಾರಿ ಓಡಿಸುವವರು, ಗುಮಾಸ್ತರು. ೧೯೪೨ರ ಜುಲೈ ೧೩ರಂದು ಪೋಲೆಂಡಿನ ಯೂಜೆಫುಫ್ ಎಂಬ ಹಳ್ಳಿಯಲ್ಲಿ ಯೆಹೂದ್ಯ ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಟ್ಟು ಕೊಲ್ಲಬೇಕೆಂಬ ಆಜ್ಞೆ ಅವರಿಗೆ ಬಂದಿತು. ದಳದ ನಾಯಕನಾದ ಮೇಜರ್ ಟ್ರಾಪ್ ಕಣ್ಣೀರಿಡುತ್ತಲೇ ಆಜ್ಞೆಯನ್ನು ತಿಳಿಸಿ, ವಯಸ್ಸಾದವರಲ್ಲಿ ಈ ಕೆಲಸ ತಮ್ಮಿಂದಾಗದೆನ್ನುವವರು ಮುಂದೆ ಬರಬಹುದೆಂದು ಹೇಳಿದನು. ಮುಂದೆ ಬಂದವರು ಹನ್ನೆರಡು ಮಂದಿಯಷ್ಟೆ. ಅಂದು ಸಂಜೆಯೊಳಗೆ ಸುಮಾರು ೧,೫೦೦ ಜನರ ಕೊಲೆಯಾಯಿತು. ಬೇಡವೆಂದ ಆ ಹನ್ನೆರಡು ಮಂದಿಗೆ ಮರಣದಂಡನೆಯಾಗಲಿ ಸೆರೆಮನೆಯಾಗಲಿ ಆಗಲಿಲ್ಲ. ಕ್ರಿಸ್ಟೊಫರ್ ಬ್ರೌನಿಂಗ್ ಎಂಬ ಇತಿಹಾಸಕಾರರು ಈ ದಳದವರ ವಿಚಾರಣೆಯ ಕಡತಗಳನ್ನು ಪರಿಶೀಲಿಸಿ ೧೯೯೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಉಳಿದವರು ಕೈ ಜೋಡಿಸಲು ಪ್ರಾಣಭಯವೊಂದೇ ಕಾರಣವಾಗಿರಲಿಲ್ಲ. ಜೊತೆಗಾರರ ಮುಂದೆ ಅಂಜುಬುರುಕರೆನಿಸಿಕೊಳ್ಳಬಾರದೆಂಬ ಸಂಕೋಚ, ಕಷ್ಟದ ಕೆಲಸವನ್ನು ಗೆಳೆಯರ ಮೇಲೆಯೇ ಹೊರಿಸಿದಂತಾಗುವುದೆಂಬ ಹಿಂಜರಿಕೆ, ಇವೂ ದೊಡ್ಡ ಕಾರಣಗಳೆಂದು ಅವರು ತೋರಿಸಿದ್ದಾರೆ.

ಚಾಡಿ ಹೇಳಿದವರು

ಗೆಸ್ಟಾಪೋ ಎಂಬ ಗುಪ್ತ ಪೊಲೀಸ್ ಪಡೆಯ ಹೆಸರನ್ನು ನೀವು ಕೇಳಿರಬಹುದು. ಮನೆಮನೆಯಲ್ಲಿಯೂ ಅದರ ಬೇಹುಗಾರನಿದ್ದನೆಂದು ಜನ ನಂಬಿದ್ದರು. ಆದರೆ ೧೯೩೭ರ ಸುಮಾರಿಗೆ ಇಡೀ ಜರ್ಮನಿಯಲ್ಲಿ ಅದರ ಸಿಬ್ಬಂದಿ ಸುಮಾರು ೭,೦೦೦ ಮಾತ್ರ. ಇಷ್ಟು ಜನರಿಂದ ಆರೂವರೆ ಕೋಟಿ ಜನರ ಮೇಲೆ ಕಣ್ಣಿಡುವುದು ಹೇಗೆ ಸಾಧ್ಯವಾಯಿತು? ವ್ಯೂರ್ಟ್ಸ್‌ಬರ್ಗ್ ಎಂಬಲ್ಲಿ ನಾಶವಾಗದೆ ಉಳಿದ ಗೆಸ್ಟಾಪೋ ಕಡತಗಳು ಉತ್ತರ ಹೇಳುತ್ತವೆ. ಯೆಹೂದ್ಯರೊಡನೆ ಸ್ನೇಹ ಬೆಳೆಸಿದರೆಂಬ ಅಪರಾಧದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟಿದ್ದು ಸಾಮಾನ್ಯ ನಾಗರಿಕರು ತಾವಾಗಿಯೇ ಕೊಟ್ಟ ದೂರುಗಳಿಂದ. ದೂರು ಕೊಟ್ಟವರೆಲ್ಲರೂ ನಾಜಿ ತತ್ತ್ವವನ್ನು ನಂಬಿದವರೂ ಅಲ್ಲ. ನೆರೆಮನೆಯ ಹಳೆಯ ಜಗಳ, ವ್ಯಾಪಾರದ ಪೈಪೋಟಿ, ಮನೆಯ ಮೇಲಿನ ಆಸೆ, ಗಂಡಹೆಂಡಿರ ಮನಸ್ತಾಪ, ಇಂತಹ ಕ್ಷುದ್ರ ಕಾರಣಗಳಿಂದ ಎಷ್ಟೋ ಮಂದಿ ಇನ್ನೊಬ್ಬರನ್ನು ಯಾತನಾಶಿಬಿರಕ್ಕೆ ತಳ್ಳಿದರು.

ಮುಖ ತಿರುಗಿಸಿದವರು

ಎಲ್ಲರಿಗಿಂತ ದೊಡ್ಡ ಗುಂಪು ಇವರದು. ಯೆಹೂದ್ಯರನ್ನು ಹಗಲುಹೊತ್ತಿನಲ್ಲಿಯೇ ಬೀದಿಯಲ್ಲಿ ನಡೆಸಿಕೊಂಡು ರೈಲಿಗೆ ಒಯ್ಯುತ್ತಿದ್ದಾಗ ಇವರು ಪರದೆ ಎಳೆದುಕೊಂಡರು. ಹಾಗೆ ಹೋದವರ ಮೇಜು, ಕುರ್ಚಿ, ಹಾಸಿಗೆಗಳನ್ನು ಸರ್ಕಾರವು ಬಹಿರಂಗ ಹರಾಜಿಗಿಟ್ಟಾಗ ಕೊಂಡುಕೊಂಡವರೂ ಇವರೇ. ವಸ್ತು ಯಾರದ್ದೆಂದು ಕೊಳ್ಳುವವನಿಗೆ ಗೊತ್ತಿತ್ತು. ಅವರೆಲ್ಲಿ ಹೋದರೆಂದು ಮಾತ್ರ ಅವನು ಕೇಳಲಿಲ್ಲ.

ಇಲ್ಲಿ ನನ್ನ ವೃತ್ತಿಯವರ ಮಾತನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ೧೯೩೭ರ ಹೊತ್ತಿಗೆ ಜರ್ಮನಿಯ ಶಿಕ್ಷಕರಲ್ಲಿ ನೂರಕ್ಕೆ ೯೭ ಮಂದಿ ನಾಜಿ ಶಿಕ್ಷಕ ಸಂಘದ ಸದಸ್ಯರಾಗಿದ್ದರು. ತರಗತಿಗೆ ಬಂದೊಡನೆ ಕೈಯೆತ್ತಿ ಹಿಟ್ಲರನಿಗೆ ಜಯಕಾರ ಹೇಳುತ್ತಿದ್ದರು. ಮನೋರೋಗಿಗಳ ಆಸ್ಪತ್ರೆಗೆ ಇಷ್ಟು ಹಣ ಖರ್ಚಾದರೆ ಆ ಹಣದಿಂದ ಬಡವರಿಗೆ ಎಷ್ಟು ಮನೆ ಕಟ್ಟಬಹುದಿತ್ತೆಂಬಂತಹ ಲೆಕ್ಕಗಳು ಗಣಿತದ ಪುಸ್ತಕಗಳಲ್ಲಿದ್ದವು. ಉಪಾಧ್ಯಾಯರು ಅವನ್ನು ಹಲಗೆಯ ಮೇಲೆ ಬರೆದರು, ಮಕ್ಕಳು ಬಿಡಿಸಿದರು. ಕೆಲವೇ ವರ್ಷಗಳಲ್ಲಿ ಅಂತಹ ರೋಗಿಗಳನ್ನು ವಿಷಾನಿಲದಿಂದ ನಿಜವಾಗಿಯೇ ಕೊಂದರು. ಯೆಹೂದ್ಯ ಮಕ್ಕಳನ್ನು ಎಷ್ಟೋ ಶಾಲೆಗಳಲ್ಲಿ ಬೇರೆ ಬೆಂಚಿನ ಮೇಲೆ ಕೂರಿಸಿದರು. ೧೯೩೮ರ ನವೆಂಬರಿನಲ್ಲಿ ಅವರನ್ನು ಜರ್ಮನ್ ಶಾಲೆಗಳಿಂದಲೇ ಹೊರಹಾಕಿದರು. ಮರುದಿನ ಹಾಜರಿ ಪುಸ್ತಕದಲ್ಲಿ ಆ ಹೆಸರುಗಳಿಗೆ ಗೆರೆಯೆಳೆದ ಕೈ ಒಬ್ಬ ಉಪಾಧ್ಯಾಯನದೇ. ಹಾಜರಿ ಪುಸ್ತಕವನ್ನು ದಿನವೂ ಮುಟ್ಟುವ ನನಗೆ, ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕದಡುವುದು ಆ ಗೆರೆ.

ಒಲ್ಲೆನೆಂದವರು

ಆದರೆ ಎಲ್ಲರೂ ಹೀಗಿರಲಿಲ್ಲ. ೧೯೩೩ರ ಏಪ್ರಿಲ್ ೧ರಂದು ಯೆಹೂದ್ಯರ ಅಂಗಡಿಗಳ ಬಾಗಿಲಲ್ಲಿ ಸಮವಸ್ತ್ರದ ನಾಜಿ ಸ್ವಯಂಸೇವಕರು ಕಾವಲು ನಿಂತಿದ್ದಾಗ, ಬರ್ಲಿನ್ನಿನಲ್ಲಿ ಯೂಲಿ ಬಾನ್‌ಹಾಫರ್ ಎಂಬ ೯೦ ವರ್ಷದ ಮುತ್ತಜ್ಜಿ ಅವರ ನಡುವಿನಿಂದಲೇ ನಡೆದುಹೋಗಿ ತಮಗೆ ಬೇಕಾದ ಸಾಮಾನನ್ನು ಕೊಂಡುಬಂದರು. ಇವರ ಮೊಮ್ಮಗ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ ಮುಂದೆ ಹಿಟ್ಲರನನ್ನು ವಿರೋಧಿಸಿ ೧೯೪೫ರಲ್ಲಿ ಗಲ್ಲಿಗೇರಿದರು.

ಬರ್ಲಿನ್ನಿನಲ್ಲಿ ಓಟೋ ವೈಟ್ ಎಂಬವರು ಚಿಕ್ಕದೊಂದು ಬ್ರಶ್ ತಯಾರಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದರು. ಸ್ವತಃ ಕಣ್ಣು ಮಂದವಾಗಿದ್ದ ಅವರು ಕುರುಡರೂ ಕಿವುಡರೂ ಆದ ಯೆಹೂದ್ಯರಿಗೆ ಕೆಲಸ ಕೊಟ್ಟು, ಗೆಸ್ಟಾಪೋ ಅಧಿಕಾರಿಗಳಿಗೆ ಲಂಚ ತಿನ್ನಿಸಿ, ಕೆಲವರನ್ನು ಕಾರ್ಖಾನೆಯೊಳಗೇ ಬಚ್ಚಿಟ್ಟು ಕಾಪಾಡಲು ಹೆಣಗಿದರು. ಅದೇ ನಗರದಲ್ಲಿ ಸುಮಾರು ೧,೭೦೦ ಯೆಹೂದ್ಯರು ಅಡಗಿಕೊಂಡು ಯುದ್ಧದ ಕೊನೆಯವರೆಗೆ ಬದುಕಿ ಉಳಿದರು. ಅಂತಹ ಒಬ್ಬೊಬ್ಬರ ಹಿಂದೆಯೂ ಊಟ ಕೊಟ್ಟವರು, ಮಲಗಲು ಜಾಗ ಕೊಟ್ಟವರು, ಕಂಡೂ ಕಾಣದಂತೆ ಬಾಯಿ ಮುಚ್ಚಿಕೊಂಡವರು ಹಲವರಿರಲೇಬೇಕು. ಮೌನವೂ ಒಮ್ಮೊಮ್ಮೆ ಉಪಕಾರವಾಗುವುದುಂಟು. ಯಾರ ಪರವಾಗಿ ಸುಮ್ಮನಿದ್ದೇವೆಂಬುದೇ ಮುಖ್ಯ.

ಮನೋರೋಗಿಗಳ ಕೊಲೆಯ ವಿಚಾರವು ಬಂಧುಗಳಿಂದ ಬಂಧುಗಳಿಗೆ ಹಬ್ಬಿದಾಗ, ೧೯೪೧ರ ಆಗಸ್ಟ್ ೩ರಂದು ಮ್ಯೂನ್‌ಸ್ಟರಿನ ಬಿಷಪ್ ಫಾನ್ ಗಾಲೆನ್ ಅದನ್ನು ಕೊಲೆಯೆಂದೇ ಹೆಸರಿಟ್ಟು ಬಹಿರಂಗವಾಗಿ ಖಂಡಿಸಿದರು. ಜನರು ಆ ಪ್ರವಚನವನ್ನು ಗುಟ್ಟಾಗಿ ನಕಲು ಮಾಡಿ ಹಂಚಿದರು. ಅಷ್ಟರಲ್ಲಿ ೭೦,೦೦೦ಕ್ಕೂ ಹೆಚ್ಚು ರೋಗಿಗಳು ಸತ್ತಿದ್ದರು. ಅದೇ ತಿಂಗಳು ೨೪ರಂದು ಹಿಟ್ಲರನು ವಿಷಾನಿಲದ ಆ ಕಾರ್ಯಕ್ರಮವನ್ನು ನಿಲ್ಲಿಸಲು ಆಜ್ಞೆ ಮಾಡಿದನು. ಆಸ್ಪತ್ರೆಗಳಲ್ಲಿ ಹಸಿವಿನಿಂದಲೂ ಮದ್ದಿನಿಂದಲೂ ಗುಟ್ಟಾಗಿ ಕೊಲ್ಲುವುದು ಮುಂದುವರಿಯಿತೆಂಬುದನ್ನೂ, ಯೆಹೂದ್ಯರ ಪರವಾಗಿ ಅಂತಹ ಬಹಿರಂಗ ದನಿ ಆ ಬಿಷಪ್ಪರಿಂದ ಹೊರಡಲಿಲ್ಲವೆಂಬುದನ್ನೂ ಇಲ್ಲಿ ಮರೆಮಾಚಬಾರದು.

೧೯೪೩ರ ಫೆಬ್ರವರಿಯ ಕೊನೆಯಲ್ಲಿ ಬರ್ಲಿನ್ನಿನ ರೋಸೆನ್‌ಸ್ಟ್ರಾಸೆ ಎಂಬ ಬೀದಿಯ ಕಟ್ಟಡವೊಂದರಲ್ಲಿ ಸುಮಾರು ೨,೦೦೦ ಯೆಹೂದ್ಯರನ್ನು ಕೂಡಿಹಾಕಿದರು. ಅವರಲ್ಲಿ ಬಹುಮಂದಿಯ ಹೆಂಡತಿಯರು ಯೆಹೂದ್ಯರಲ್ಲದ ಜರ್ಮನ್ ಮಹಿಳೆಯರು. ಈ ಹೆಂಗಸರು ಚಳಿಯಲ್ಲಿ ದಿನಗಟ್ಟಲೆ ಆ ಬೀದಿಯಲ್ಲಿ ನಿಂತು, ತಮ್ಮ ಗಂಡಂದಿರನ್ನು ಬಿಡಿರೆಂದು ಕೂಗಿದರು. ಚದುರಿಸಿದರೆ ಮತ್ತೆ ಬಂದು ಸೇರಿದರು. ಮಾರ್ಚ್ ಮೊದಲ ವಾರದಿಂದ ಬಂಧಿತರಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಆ ಬಿಡುಗಡೆಗೆ ಪ್ರತಿಭಟನೆಯೇ ಕಾರಣವೋ, ಸರ್ಕಾರದ ಉದ್ದೇಶವೇ ಬೇರೆಯಿದ್ದಿತೋ ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವುಂಟು. ಆದರೆ ರಾಜಧಾನಿಯ ನಡುವೆ ನಿರಾಯುಧರಾದ ಹೆಂಗಸರು ಸರ್ವಾಧಿಕಾರದ ಎದುರು ಒಟ್ಟಾಗಿ ನಿಂತರು, ಅವರ ಮೇಲೆ ಗುಂಡು ಹಾರಲಿಲ್ಲ ಎಂಬುದರಲ್ಲಿ ಸಂದೇಹವಿಲ್ಲ.

ಎಲ್ಲರ ಭಾಗ್ಯವೂ ಹೀಗಿರಲಿಲ್ಲ. ಅದೇ ಫೆಬ್ರವರಿ ೧೮ರಂದು ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಹಾನ್ಸ್ ಷೋಲ್ ಮತ್ತು ಅವರ ತಂಗಿ ಸೋಫೀ ಷೋಲ್ ನಾಜಿ ಆಳ್ವಿಕೆಯನ್ನು ಖಂಡಿಸುವ ಕರಪತ್ರಗಳನ್ನು ಹಂಚುತ್ತಿದ್ದಾಗ ಅವರನ್ನು ಹಿಡಿದುಕೊಟ್ಟವನು ಅಲ್ಲಿಯ ಒಬ್ಬ ಜವಾನ. ನಾಲ್ಕನೆಯ ದಿನವೇ ಇಬ್ಬರಿಗೂ, ಗೆಳೆಯ ಕ್ರಿಸ್ಟೋಫ್ ಪ್ರೋಬ್ಸ್ಟ್‌ಗೂ ಶಿರಚ್ಛೇದವಾಯಿತು. ಸೋಫೀಗೆ ಆಗ ೨೧ ವರ್ಷ. ಬರ್ಲಿನ್ನಿನ ಕಾರ್ಮಿಕ ಓಟೋ ಹಾಂಪೆಲ್ ಮತ್ತು ಅವರ ಪತ್ನಿ ಎಲೀಸೆ ಹೆಚ್ಚು ಓದಿದವರಲ್ಲ. ಎಲೀಸೆಯ ತಮ್ಮ ಯುದ್ಧದಲ್ಲಿ ಸತ್ತ ಮೇಲೆ ಅವರು ಸರ್ಕಾರದ ವಿರುದ್ಧ ೨೦೦ಕ್ಕೂ ಹೆಚ್ಚು ಅಂಚೆ ಕಾರ್ಡುಗಳನ್ನು ಕೈಯಿಂದ ಬರೆದು, ಎರಡು ವರ್ಷಗಳ ಕಾಲ ಮೆಟ್ಟಿಲುಗಳ ಮೇಲೂ ಅಂಚೆಪೆಟ್ಟಿಗೆಗಳಲ್ಲಿಯೂ ಇಟ್ಟುಬಂದರು. ಕಾರ್ಡು ಸಿಕ್ಕಿದವರಲ್ಲಿ ಹೆಚ್ಚಿನವರು ಹೆದರಿ ಅದನ್ನು ಪೊಲೀಸರಿಗೆ ಒಪ್ಪಿಸಿದರು. ೧೯೪೩ರ ಏಪ್ರಿಲ್ ೮ರಂದು ದಂಪತಿಗಳಿಗೂ ಶಿರಚ್ಛೇದವಾಯಿತು.

ಜರ್ಮನರು ಆಕ್ರಮಿಸಿಕೊಂಡಿದ್ದ ಡೆನ್ಮಾರ್ಕಿನ ಕಥೆ ಮಾತ್ರ ಬೇರೆ. ೧೯೪೩ರ ಅಕ್ಟೋಬರಿನಲ್ಲಿ ಅಲ್ಲಿಯ ಯೆಹೂದ್ಯರನ್ನು ಹಿಡಿಯಲಿರುವ ಸುದ್ದಿಯನ್ನು ಡುಕ್ವಿಟ್ಸ್ ಎಂಬ ಜರ್ಮನ್ ಅಧಿಕಾರಿಯೇ ಮುಂಚಿತವಾಗಿ ತಿಳಿಸಿದರು. ವೈದ್ಯರು, ಪಾದ್ರಿಗಳು, ಬೆಸ್ತರು, ಟ್ಯಾಕ್ಸಿ ಓಡಿಸುವವರು ಸೇರಿ ಸುಮಾರು ೭,೨೦೦ ಯೆಹೂದ್ಯರನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಸೆರೆಸಿಕ್ಕವರು ಐನೂರಕ್ಕಿಂತ ಕಡಿಮೆ. ಸ್ವೀಡನ್ ಹತ್ತಿರವಿದ್ದುದೂ ಅಲ್ಲಿಯ ಆಕ್ರಮಣ ಅಷ್ಟೊಂದು ಕಠೋರವಾಗಿಲ್ಲದಿದ್ದುದೂ ಅದಕ್ಕೆ ನೆರವಾದವು. ಆದರೆ ಯೆಹೂದ್ಯರನ್ನು ಅಲ್ಲಿಯವರು ಹೊರಗಿನವರೆಂದೆಣಿಸದೆ ನೆರೆಯವರೆಂದೇ ಎಣಿಸಿದುದು ಎಲ್ಲಕ್ಕಿಂತ ಮುಖ್ಯವಾಯಿತು.

ಇದರಿಂದ ತಿಳಿಯುವುದೇನು?

ಮೊದಲನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಿಟ್ಲರನು ತಾನೇ ಎಲ್ಲರನ್ನೂ ಕೊಲ್ಲಲಿಲ್ಲ. ರೈಲು ಓಡಿಸಿದವನು, ಪಟ್ಟಿ ಬರೆದವನು, ದೂರು ಕೊಟ್ಟವನು, ಹರಾಜಿನಲ್ಲಿ ಕುರ್ಚಿ ಕೊಂಡವನು, ಹಾಜರಿ ಪುಸ್ತಕದಲ್ಲಿ ಗೆರೆಯೆಳೆದವನು, ಇವರೆಲ್ಲರ ಚಿಕ್ಕ ಚಿಕ್ಕ ಒಪ್ಪಿಗೆಗಳು ಕೂಡಿ ಆ ಮಹಾಪಾತಕವಾಯಿತು.

ಇನ್ನೊಂದು ವಿಷಯವನ್ನೂ ಗಮನಿಸಿರಿ. ೧೯೩೩ರಲ್ಲಿ ಆ ಮುತ್ತಜ್ಜಿಯು ಅಂಗಡಿಗೆ ಹೋಗಿ ಮನೆಗೆ ಮರಳಿದರು. ೧೯೪೩ರಲ್ಲಿ ಕರಪತ್ರ ಹಂಚಿದ ಹುಡುಗಿಗೆ ಪ್ರಾಣವೇ ಹೋಯಿತು. ಮೊದಲ ವರ್ಷವೂ ವಿರೋಧಿಗಳಿಗೆ ಪೆಟ್ಟು, ಸೆರೆ ತಪ್ಪಿರಲಿಲ್ಲವೆಂಬುದು ನಿಜ. ಆದರೂ ಸಾಮಾನ್ಯ ನಾಗರಿಕನು ಒಲ್ಲೆನೆಂದರೆ ತೆರಬೇಕಾದ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತು. ಬೆಲೆ ಕಡಿಮೆಯಿದ್ದಾಗ ಲಕ್ಷಾಂತರ ಜನರು ಬಾಯಿ ತೆರೆದಿದ್ದರೆ, ಕೆಲವೇ ಮಂದಿ ತಲೆ ಕೊಡಬೇಕಾಗಿ ಬರುತ್ತಿರಲಿಲ್ಲವೇನೋ. ಪತ್ರಿಕೆ, ನ್ಯಾಯಾಲಯ, ಮತಪೆಟ್ಟಿಗೆಗಳು ಕೈಯಲ್ಲಿರುವಾಗಲೇ ಅವನ್ನು ಕಾಪಾಡಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅದನ್ನು ಮೇಲಿನ ಘೋರಗಳೊಡನೆ ಹೋಲಿಸುವ ಉದ್ದೇಶ ನನಗಿಲ್ಲ. ಊರಿನ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದ ಹೊಸದರಲ್ಲಿ ನಾನೊಂದು ಚಾಳಿನಲ್ಲಿದ್ದೆ. ಯಾರ ಭಾಷೆಯೂ ಸರಿಯಾಗಿ ಬಾರದ, ದೂರದ ಪ್ರಾಂತ್ಯದ ಹುಡುಗನೊಬ್ಬ ಅಲ್ಲಿಗೆ ಹೊಸದಾಗಿ ಬಂದಿದ್ದ. ಒಂದು ಬೆಳಿಗ್ಗೆ ಯಾರದೋ ಹಣದ ಚೀಲ ಕಳೆಯಿತು; ಅವನೇ ಕದ್ದನೆಂದು ನಾಲ್ವರು ಅವನನ್ನು ಹೊಡೆದರು. ಆ ಹೊತ್ತಿನಲ್ಲಿ ಅವನು ನನ್ನ ಹಿಂದೆಯೇ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದನು. ಇದು ನನಗೆ ಗೊತ್ತಿತ್ತು. ಹೇಳಿದರೆ ನಾನೂ ಹೊಸಬನೇ, ನನ್ನ ಮೇಲೂ ತಿರುಗಿಬಿದ್ದಾರೆಂದು ಹೆದರಿ ಬಾಗಿಲಲ್ಲಿಯೇ ನಿಂತೆ. ಹೊಡೆದವರು ನಾಲ್ವರು, ನೋಡುತ್ತ ನಿಂತವರು ನಲವತ್ತು ಮಂದಿ. ಆ ನಲವತ್ತರಲ್ಲಿ ನಾನೊಬ್ಬ. ವಾರದೊಳಗೆ ಅವನು ಚಾಳು ಬಿಟ್ಟುಹೋದ. ಚೀಲ ಸಿಕ್ಕಿತೋ ಇಲ್ಲವೋ, ನಾನು ಕೇಳಲಿಲ್ಲ.

ಆದಕಾರಣ, ಜರ್ಮನಿಯಲ್ಲಿದ್ದಿದ್ದರೆ ನಾನು ಏನು ಮಾಡುತ್ತಿದ್ದೆನೆಂದು ಎದೆ ತಟ್ಟಿ ಹೇಳಲಾರೆ. ನಲ್ಲಿಯ ಬಳಿ ಏನು ಮಾಡಿದೆನೆಂಬುದನ್ನಷ್ಟೇ ಬಲ್ಲೆ. ನೀವು ನನಗಿಂತ ಮೇಲಾಗಬೇಕೆಂಬುದು ನನ್ನ ಆಸೆ. ತರಗತಿಯಲ್ಲಿ ಒಬ್ಬನ ಮೇಲೆ ಎಲ್ಲರೂ ಸೇರಿ ಅಪವಾದ ಹೊರಿಸಿದಾಗ, "ನೀನು ಕಣ್ಣಾರೆ ಕಂಡೆಯಾ?" ಎಂದು ಕೇಳಿರಿ. ಒಂದು ಜಾತಿಯನ್ನೋ ಮತವನ್ನೋ ಭಾಷೆಯವರನ್ನೋ ಹೀಗಳೆಯುವ ಸುದ್ದಿ ಮೊಬೈಲಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿರಿ. ಒಂಟಿಯಾಗಿ ಮಾತಾಡಲು ಅಂಜಿಕೆಯಾದರೆ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಳ್ಳಿರಿ. ರೋಸೆನ್‌ಸ್ಟ್ರಾಸೆಯ ಹೆಂಗಸರಲ್ಲಿಯೂ ಮೊದಲು ಒಬ್ಬಳು ಬಂದಿರಬೇಕು. ಅವಳನ್ನು ಕಂಡು ಎರಡನೆಯವಳು ನಿಂತಿರಬೇಕು.



ವಿಚಾರಮಾಡಿ ಉತ್ತರಿಸಿರಿ

೧. "ನಮಗೆ ತಿಳಿದಿರಲಿಲ್ಲ" ಎಂದ ವೈಮಾರಿನ ನಾಗರಿಕರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಕಾರಣ ಕೊಡಿರಿ.

೨. ೧೦೧ನೆಯ ಪೊಲೀಸ್ ದಳದಲ್ಲಿ ಮುಂದೆ ಬಂದವರು ಅಷ್ಟು ಕಡಿಮೆಯಾಗಲು ಕಾರಣಗಳೇನು?

೩. ಜರ್ಮನಿಯ ಶಿಕ್ಷಕನೊಬ್ಬನು ೧೯೩೩ರಲ್ಲಿ ಮಾಡಬಹುದಾಗಿದ್ದು ೧೯೪೩ರಲ್ಲಿ ಮಾಡಲಾಗದಿದ್ದ ಕೆಲಸ ಯಾವುದಿರಬಹುದು?

೪. ಅನ್ಯಾಯವನ್ನು ಕಂಡೂ ನೀವು ಸುಮ್ಮನಿದ್ದ ಒಂದು ಸಂದರ್ಭವನ್ನು ನೆನೆಯಿರಿ. ಇದಕ್ಕೆ ಉತ್ತರವನ್ನು ಬರೆಯಬೇಕಾಗಿಲ್ಲ.